ಗಿಗಾಹರ್ಟ್ಸ್ ಇಳಿದದ್ದೇಕೆ? – ಡೆಸ್ಕ್‌ಟಾಪ್ ಸಂಸ್ಕಾರಕಗಳ ವಿನ್ಯಾಸದಲ್ಲಿ ಕೊಡು-ಕೊಳ್ಳು

ಕಂಪ್ಯೂಟರ್ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಗಿಗಾಹರ್ಟ್ಸ್?" ಎರಡನೆಯದು "ಎಷ್ಟು ಕೋರ್?" ಅಂಕಿ ದೊಡ್ಡದಾದಷ್ಟೂ ಯಂತ್ರ ಒಳ್ಳೆಯದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆ ಭಾವನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಈ ಎರಡು ಸಂಸ್ಕಾರಕಗಳ ವಿವರವನ್ನು ನೋಡಿ.

ಇಂಟೆಲ್ ಕಂಪನಿ 2023ರ ಅಕ್ಟೋಬರಿನಲ್ಲಿ ಹೊರತಂದ ಐ9-14900ಕೆ ಎಂಬ ಡೆಸ್ಕ್‌ಟಾಪ್ ಸಂಸ್ಕಾರಕದ ಗರಿಷ್ಠ ವೇಗ 6.0 ಗಿಗಾಹರ್ಟ್ಸ್. ಅದು ಏಕಕಾಲಕ್ಕೆ 32 ಕೆಲಸದ ಎಳೆಗಳನ್ನು ನಿಭಾಯಿಸಬಲ್ಲದು. ಒಂದು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ, ಅದರ ಸ್ಥಾನಕ್ಕೆ ಹೊಸ ಪೀಳಿಗೆಯ ಕೋರ್ ಅಲ್ಟ್ರಾ 9 285ಕೆ ಬಂತು. ಇದರ ಗರಿಷ್ಠ ವೇಗ 5.7 ಗಿಗಾಹರ್ಟ್ಸ್, ಎಳೆಗಳು 24. ಕೋರ್‌ಗಳ ಸಂಖ್ಯೆ ಎರಡರಲ್ಲೂ ಒಂದೇ, 24.

ಹೊಸದರ ಅಂಕಿಗಳು ಹಳೆಯದಕ್ಕಿಂತ ಚಿಕ್ಕವು! ಸಾವಿರಾರು ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು ಹಿಂದಕ್ಕೆ ಹೆಜ್ಜೆ ಇಟ್ಟರೇ? ಹಾಗಲ್ಲ. ಅವರು ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡರು. ಏನನ್ನು ಕೊಟ್ಟರು, ಏನನ್ನು ಕೊಂಡರು, ಆ ವ್ಯಾಪಾರದಲ್ಲಿ ಎಲ್ಲಿ ಲಾಭವಾಯಿತು, ಎಲ್ಲಿ ನಷ್ಟವಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೂರು ಬಗೆಯ ಬೆಲೆ

ಸಂಸ್ಕಾರಕದ ವಿನ್ಯಾಸಕಾರನ ಬಳಿ ಮೂರು ಬಗೆಯ ಹಣವಿದೆ ಎಂದು ಭಾವಿಸಿ. ಮೊದಲನೆಯದು ಜಾಗ, ಅಂದರೆ ಸಿಲಿಕಾನ್ ಬಿಲ್ಲೆಯ ವಿಸ್ತೀರ್ಣ. ಎರಡನೆಯದು ವಿದ್ಯುತ್ ಸಾಮರ್ಥ್ಯ, ಅಂದರೆ ಬಿಲ್ಲೆ ಬಳಸುವ ವಾಟ್‌ಗಳು. ಬಳಸಿದ ವಾಟ್‌ಗಳೆಲ್ಲ ಕೊನೆಗೆ ಶಾಖವೇ ಆಗುವುದರಿಂದ ಅದನ್ನು ಹೊರಹಾಕುವ ಹೊರೆಯೂ ಇದರಲ್ಲೇ ಸೇರಿದೆ. ಮೂರನೆಯದು ಕಾಲ, ಅಂದರೆ ಒಂದು ಆದೇಶಕ್ಕೆ ಬೇಕಾದ ದತ್ತಾಂಶ ಬಂದು ತಲುಪುವವರೆಗೆ ಕಾಯಬೇಕಾದ ಅವಧಿ.

ಮೂರೂ ಮಿತವಾದವು. ಯಾವ ಸುಧಾರಣೆಯನ್ನೇ ಮಾಡಲಿ, ಈ ಮೂರರಲ್ಲಿ ಒಂದರಿಂದಾದರೂ ಬೆಲೆ ತೆರಬೇಕು. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಕೊಂಡದ್ದರ ವಿವರ ಮಾತ್ರ. ಕೊಟ್ಟದ್ದರ ವಿವರ ಅಲ್ಲಿ ಇರುವುದಿಲ್ಲ.

ವೇಗದ ಬೆಲೆ

ಮೊದಲು ಗಿಗಾಹರ್ಟ್ಸ್ ವಿಷಯ. ಸಂಸ್ಕಾರಕದೊಳಗಿನ ಟ್ರಾನ್ಸಿಸ್ಟರುಗಳು ಒಂದು ಗಡಿಯಾರದ ಮಿಡಿತಕ್ಕೆ ತಕ್ಕಂತೆ ತೆರೆದು ಮುಚ್ಚುತ್ತವೆ. 5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಮಿಡಿತಗಳು. ಪ್ರತಿ ಮಿಡಿತದಲ್ಲೂ ಸೂಕ್ಷ್ಮ ಧಾರಕಗಳು ಆವೇಶ ತುಂಬಿಕೊಂಡು ಬರಿದಾಗುತ್ತವೆ. ಈ ಕ್ರಿಯೆಗೆ ಬೇಕಾಗುವ ಸಾಮರ್ಥ್ಯದ ಸೂತ್ರ ಸರಳ:

ಸಾಮರ್ಥ್ಯ ∝ ಧಾರಕತೆ × (ವಿಭವಾಂತರ)² × ಆವೃತ್ತಿ

ಆವೃತ್ತಿಯನ್ನು ಹೆಚ್ಚಿಸಿದರೆ ಸಾಮರ್ಥ್ಯವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ಟ್ರಾನ್ಸಿಸ್ಟರುಗಳು ಬೇಗ ಬೇಗ ತೆರೆದು ಮುಚ್ಚಬೇಕಾದರೆ ವಿಭವಾಂತರವನ್ನೂ ಏರಿಸಬೇಕು. ಸೂತ್ರದಲ್ಲಿ ಅದು ವರ್ಗವಾಗಿ ಕುಳಿತಿದೆ. ಆದ್ದರಿಂದ ಎರಡೂ ಒಟ್ಟಿಗೆ ಏರಿದಾಗ ಸಾಮರ್ಥ್ಯವು ಸುಮಾರಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ.

ಇದನ್ನು ತಿರುಗಿಸಿ ಲೆಕ್ಕ ಮಾಡೋಣ. 6.0ರಿಂದ 5.7ಕ್ಕೆ ಇಳಿದರೆ ವೇಗ 0.95 ಪಟ್ಟು ಆಗುತ್ತದೆ, ಅಂದರೆ ಶೇಕಡಾ 5ರಷ್ಟು ನಷ್ಟ. ವಿಭವಾಂತರವನ್ನೂ ಅಷ್ಟೇ ಇಳಿಸಲು ಸಾಧ್ಯವಾದರೆ ಸಾಮರ್ಥ್ಯ 0.95 × 0.95 × 0.95 = 0.857 ಪಟ್ಟು. ಶೇಕಡಾ 5 ವೇಗ ಬಿಟ್ಟುಕೊಟ್ಟು ಶೇಕಡಾ 14 ವಿದ್ಯುತ್ ಉಳಿಸಿದಂತಾಯಿತು. ಇದು ತತ್ತ್ವ ತಿಳಿಯಲು ಮಾಡಿದ ಲೆಕ್ಕ. ನಿಜವಾದ ಸಂಸ್ಕಾರಕಗಳಲ್ಲಿ ಗರಿಷ್ಠ ವೇಗದ ಹತ್ತಿರ ಹೋದಂತೆ ವಿಭವಾಂತರ ಇನ್ನೂ ಕಡಿದಾಗಿ ಏರುವುದುಂಟು. ಗುಡ್ಡದ ಕೊನೆಯ ಏರಿನಲ್ಲೇ ಹೆಚ್ಚು ಏದುಸಿರು ಬರುವುದಲ್ಲವೇ, ಹಾಗೆ.

ಶಾಖದ ಪ್ರಮಾಣವನ್ನೂ ಗಮನಿಸಿ. 14900ಕೆ ಪೂರ್ತಿ ದುಡಿಯುವಾಗ 253 ವಾಟ್‌ವರೆಗೆ ಬಳಸಲು ಕಂಪನಿಯೇ ಮಿತಿ ಗೊತ್ತುಮಾಡಿದೆ. ಬಿಲ್ಲೆಯ ವಿಸ್ತೀರ್ಣ ಸುಮಾರು 2.5 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ವಾಟ್. ಮನೆಯ ಇಸ್ತ್ರಿ ಪೆಟ್ಟಿಗೆ 1000 ವಾಟಿನದಾಗಿದ್ದು ಅದರ ತಳ 200 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಬರುವುದು 5 ವಾಟ್ ಮಾತ್ರ!

ಇತಿಹಾಸದ ಪಾಠ

ಈ ಪಾಠವನ್ನು ಉದ್ಯಮ ಇಪ್ಪತ್ತು ವರ್ಷಗಳ ಹಿಂದೆಯೇ ಒಮ್ಮೆ ಕಲಿತಿತ್ತು. ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಒಂದು ನಿಯಮವನ್ನು ತೋರಿಸಿಕೊಟ್ಟಿದ್ದರು. ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡಿದಂತೆ ವಿಭವಾಂತರವನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳನ್ನು ಹೆಚ್ಚು ವೇಗವಾಗಿ ಓಡಿಸಿದರೂ ಶಾಖ ಹೆಚ್ಚುವುದಿಲ್ಲ ಎಂಬುದು ಅದರ ಸಾರ. ಮೂರು ದಶಕ ಈ ನಿಯಮ ಕೈಹಿಡಿಯಿತು. ಆದರೆ ವಿಭವಾಂತರವನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ, ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ವಿದ್ಯುತ್ ಸೋರತೊಡಗುತ್ತದೆ. ಸರಿಯಾಗಿ ಮುಚ್ಚದ ನಲ್ಲಿಯಂತೆ. ಇಳಿಸುವ ದಾರಿ ಅಲ್ಲಿಗೆ ಮುಚ್ಚಿತು.

ಈ ಗೋಡೆಗೆ ಎಲ್ಲರಿಗೂ ಕಾಣುವಂತೆ ಹೋಗಿ ಬಡಿದದ್ದು ಪೆಂಟಿಯಂ 4. ನವೆಂಬರ್ 2000ದಲ್ಲಿ ಬಂದ ಇದರ ವಿನ್ಯಾಸದ ಗುರಿಯೇ ಗಿಗಾಹರ್ಟ್ಸ್. ಒಂದು ಆದೇಶವನ್ನು ಪೂರೈಸುವ ಕೆಲಸವನ್ನು 20 ಚಿಕ್ಕ ಹಂತಗಳಾಗಿ ಒಡೆಯಲಾಗಿತ್ತು. ಹಂತ ಚಿಕ್ಕದಾದರೆ ಪ್ರತಿ ಮಿಡಿತದಲ್ಲಿ ಮಾಡಬೇಕಾದ ಕೆಲಸ ಕಡಿಮೆ, ಆದ್ದರಿಂದ ಮಿಡಿತವನ್ನು ಚುರುಕುಗೊಳಿಸಬಹುದು. 2004ರ ಫೆಬ್ರವರಿಯಲ್ಲಿ ಬಂದ ಪ್ರೆಸ್ಕಾಟ್ ಎಂಬ ಆವೃತ್ತಿಯಲ್ಲಿ ಹಂತಗಳು 31 ಆದವು.

ಇದಕ್ಕೆ ತೆತ್ತ ಬೆಲೆ ಏನು? ಪ್ರೋಗ್ರಾಂನಲ್ಲಿ "ಹೀಗಾದರೆ ಇದನ್ನು ಮಾಡು, ಇಲ್ಲವಾದರೆ ಅದನ್ನು ಮಾಡು" ಎಂಬ ಕವಲುಗಳು ಬರುತ್ತಲೇ ಇರುತ್ತವೆ. ಸಂಸ್ಕಾರಕವು ಯಾವ ಕವಲು ಎಂದು ಊಹಿಸಿ ಮುಂದಿನ ಆದೇಶಗಳನ್ನು ಸಾಲಿಗೆ ತುಂಬುತ್ತದೆ. ಊಹೆ ತಪ್ಪಿದರೆ ತುಂಬಿದ್ದನ್ನೆಲ್ಲ ಚೆಲ್ಲಿ ಮತ್ತೆ ಮೊದಲಿನಿಂದ ತುಂಬಬೇಕು. ಸಾಲು ಉದ್ದವಾದಷ್ಟೂ ಚೆಲ್ಲುವುದು ಹೆಚ್ಚು. ಹೀಗೆ ಗಿಗಾಹರ್ಟ್ಸ್ ಏರಿತಾದರೂ ಪ್ರತಿ ಮಿಡಿತದಲ್ಲಿ ಆಗುವ ಕೆಲಸ ಇಳಿಯಿತು. ಜೊತೆಗೆ ಶಾಖ 100 ವಾಟ್ ದಾಟಿತು. 4 ಗಿಗಾಹರ್ಟ್ಸ್ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ 2004ರ ಅಕ್ಟೋಬರಿನಲ್ಲಿ ಕೈಬಿಟ್ಟಿತು. 2006ರ ಜುಲೈಯಲ್ಲಿ ಬಂದ ಕೋರ್ 2 ಡ್ಯುಯೋದಲ್ಲಿ ಹಂತಗಳು 14. ಅದರ 2.66 ಗಿಗಾಹರ್ಟ್ಸ್ ಮಾದರಿ 65 ವಾಟ್ ಮಿತಿಯೊಳಗೆ ಇದ್ದುಕೊಂಡೇ 3.8 ಗಿಗಾಹರ್ಟ್ಸ್ ಪೆಂಟಿಯಂ 4ನ್ನು ಹಿಂದೆ ಹಾಕಿತು.

ಆದರೂ ಪೈಪೋಟಿಯಲ್ಲಿ ಪಾಠ ಮರೆಯುವುದುಂಟು. 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಸಂಸ್ಕಾರಕಗಳು ಬಳಕೆಯಲ್ಲಿರುವಾಗಲೇ ಅಸ್ಥಿರವಾಗುತ್ತಿವೆ ಎಂಬ ದೂರುಗಳು ಹೆಚ್ಚಿದಾಗ ಇಂಟೆಲ್ 2024ರಲ್ಲಿ ಕಾರಣವನ್ನು ಪ್ರಕಟಿಸಿತು. ಅಗತ್ಯಕ್ಕಿಂತ ಹೆಚ್ಚಿನ ವಿಭವಾಂತರ ಮತ್ತು ತಾಪದಿಂದಾಗಿ ಕೋರ್‌ನೊಳಗಿನ ಗಡಿಯಾರದ ಮಂಡಲವು ಬೇಗ ಸವೆಯುತ್ತಿತ್ತು. ಕಂಪನಿ ಅದೇ ವರ್ಷ ಮೈಕ್ರೋಕೋಡ್ ತಿದ್ದುಪಡಿಗಳನ್ನು ನೀಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಸವೆದುಹೋದ ಬಿಲ್ಲೆಯನ್ನು ತಿದ್ದುಪಡಿ ಸರಿಮಾಡಲಾರದು, ಬದಲಾಯಿಸಬೇಕಷ್ಟೆ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಾಗಿ ಏರಿಸುವ ವಿಭವಾಂತರದ ಬೆಲೆ ವಾಟ್‌ಗಳಲ್ಲಿ ಮಾತ್ರವಲ್ಲ, ಸಂಸ್ಕಾರಕದ ಆಯುಸ್ಸಿನಲ್ಲಿಯೂ ಲೆಕ್ಕಕ್ಕೆ ಬರಬಹುದು ಎಂಬುದಕ್ಕೆ ಇದು ಸಾಕ್ಷಿ. ಇದಾದ ಮೇಲೆ ಬಂದ ಪೀಳಿಗೆಯ 5.7ರ ಅಂಕಿಯನ್ನು ನೀವು ಈಗ ಬೇರೆ ಕಣ್ಣಿನಿಂದ ನೋಡಬಹುದು.

ಎಳೆಗಳು ಎಲ್ಲಿ ಹೋದವು?

ಎರಡನೆಯ ಅಂಕಿಗೆ ಬರೋಣ. 24 ಕೋರ್‌ಗಳಿದ್ದ ಹಳೆಯ ಸಂಸ್ಕಾರಕ 32 ಎಳೆಗಳನ್ನು ಹೇಗೆ ನಿಭಾಯಿಸುತ್ತಿತ್ತು?

ಹೋಟೆಲಿನ ಅಡುಗೆಯವನೊಬ್ಬ ಒಂದೇ ಸಲ ಎರಡು ಆರ್ಡರ್ ಚೀಟಿಗಳನ್ನು ಹಿಡಿದಿದ್ದಾನೆ ಎಂದುಕೊಳ್ಳಿ. ಒಂದು ಚೀಟಿಯ ಅನ್ನ ಬೇಯುತ್ತಿರುವಾಗ ಕೈ ಕಟ್ಟಿ ನಿಲ್ಲದೆ ಇನ್ನೊಂದು ಚೀಟಿಯ ತರಕಾರಿ ಹೆಚ್ಚುತ್ತಾನೆ. ಅಡುಗೆಯವನು ಒಬ್ಬನೇ, ಒಲೆಯೂ ಒಂದೇ, ಆದರೆ ಕಾಯುವ ಸಮಯ ವ್ಯರ್ಥವಾಗುವುದಿಲ್ಲ. ಹೈಪರ್-ಥ್ರೆಡಿಂಗ್ ಎಂಬ ತಂತ್ರದ ತಿರುಳು ಇಷ್ಟೇ. ಡೆಸ್ಕ್‌ಟಾಪಿಗೆ ಇದು 2002ರ ನವೆಂಬರಿನಲ್ಲಿ 3.06 ಗಿಗಾಹರ್ಟ್ಸ್ ಪೆಂಟಿಯಂ 4ರೊಂದಿಗೆ ಬಂತು. ಆ ಕಾಲದಲ್ಲಿ ಇದಕ್ಕೆ ಬೇಕಾದ ಹೆಚ್ಚುವರಿ ಜಾಗ ಬಿಲ್ಲೆಯ ಶೇಕಡಾ 5ಕ್ಕಿಂತ ಕಡಿಮೆ ಎಂದು ಇಂಟೆಲ್ ಎಂಜಿನಿಯರುಗಳು ಬರೆದಿದ್ದರು. ಅಗ್ಗದ ವ್ಯಾಪಾರವೇ ಸರಿ.

ಹಾಗಾದರೆ 2024ರಲ್ಲಿ ಕೈಬಿಟ್ಟದ್ದೇಕೆ? ಏಕೆಂದರೆ ಈ ನಡುವೆ ಅಡುಗೆಮನೆಯೇ ಬದಲಾಗಿತ್ತು. 2021ರ ನವೆಂಬರಿನಲ್ಲಿ ಬಂದ 12ನೆಯ ಪೀಳಿಗೆಯಿಂದ ಇಂಟೆಲ್ ಒಂದೇ ಸಂಸ್ಕಾರಕದಲ್ಲಿ ಎರಡು ಬಗೆಯ ಕೋರ್‌ಗಳನ್ನು ಇಡತೊಡಗಿತು. ಒಂದು ದೊಡ್ಡದಾದ ವೇಗದ ಕೋರ್, ಇನ್ನೊಂದು ಚಿಕ್ಕದಾದ ಮಿತವ್ಯಯದ ಕೋರ್. ಒಂದು ವೇಗದ ಕೋರ್‌ನ ಜಾಗದಲ್ಲಿ ಸುಮಾರು ನಾಲ್ಕು ಮಿತವ್ಯಯದ ಕೋರ್‌ಗಳು ಹಿಡಿಸುತ್ತಿದ್ದವು. 14900ಕೆಯಲ್ಲಿಯೂ 285ಕೆಯಲ್ಲಿಯೂ ಇರುವುದು 8 ವೇಗದ ಮತ್ತು 16 ಮಿತವ್ಯಯದ ಕೋರ್‌ಗಳು. ಹಳೆಯದರಲ್ಲಿ ವೇಗದ ಕೋರ್‌ಗಳಿಗೆ ಮಾತ್ರ ಎರಡೆರಡು ಎಳೆ: 8 × 2 + 16 = 32. ಹೊಸದರಲ್ಲಿ ಪ್ರತಿಯೊಂದಕ್ಕೂ ಒಂದೊಂದೇ: 8 + 16 = 24.

ಇಂಟೆಲ್‌ನ ವಾದ ಹೀಗಿತ್ತು. ಎರಡನೆಯ ಚೀಟಿಯನ್ನು ಅದೇ ಅಡುಗೆಯವನಿಗೆ ಕೊಡುವ ಬದಲು ಪಕ್ಕದಲ್ಲಿ ಖಾಲಿ ನಿಂತಿರುವ ಚಿಕ್ಕ ಅಡುಗೆಯವನಿಗೆ ಕೊಟ್ಟರೆ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸವಾಗುತ್ತದೆ. ಆಗ ವೇಗದ ಕೋರ್‌ನಿಂದ ಎರಡು ಎಳೆಗಳ ಲೆಕ್ಕ ಇಡುವ ಮಂಡಲಗಳನ್ನು ತೆಗೆದುಹಾಕಿ ಜಾಗ ಮತ್ತು ವಾಟ್ ಎರಡನ್ನೂ ಉಳಿಸಬಹುದು. ಹೊಸ ಕೋರ್‌ಗಳು ಪ್ರತಿ ಮಿಡಿತದಲ್ಲಿ ಹೆಚ್ಚು ಕೆಲಸ ಮಾಡುವಂತೆಯೂ ಸುಧಾರಿಸಿದ್ದವು. ಇದರ ಫಲವಾಗಿ ಚಿತ್ರ ರಚನೆಯಂತಹ, ಎಲ್ಲ ಕೋರ್‌ಗಳನ್ನೂ ದುಡಿಸುವ ಹಲವು ಪರೀಕ್ಷೆಗಳಲ್ಲಿ 24 ಎಳೆಗಳ 285ಕೆಯು 32 ಎಳೆಗಳ 14900ಕೆಯನ್ನು ಮೀರಿಸಿತು.

ಎರಡು ಬಗೆಯ ಕೋರ್ ಏಕೆ ಬೇಕು, ಒಂದೇ ಬಗೆಯವು ಸಾಲದೇ? ಇದಕ್ಕೆ ಉತ್ತರ 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದ ವಾದದಲ್ಲಿದೆ. ಒಂದು ಕೆಲಸದ ಶೇಕಡಾ 80 ಭಾಗವನ್ನು ಹಂಚಿಕೊಂಡು ಮಾಡಬಹುದು, ಉಳಿದ ಶೇಕಡಾ 20ನ್ನು ಒಂದರ ನಂತರ ಒಂದರಂತೆಯೇ ಮಾಡಬೇಕು ಎನ್ನೋಣ. 8 ಸಮಾನ ಕೋರ್‌ಗಳಿದ್ದರೆ ತಗಲುವ ಕಾಲ 0.2 + 0.8/8 = 0.3 ಭಾಗ, ಅಂದರೆ 3.3 ಪಟ್ಟು ವೇಗ. 24 ಸಮಾನ ಕೋರ್‌ಗಳಿದ್ದರೆ 0.2 + 0.8/24 = 0.233, ಅಂದರೆ 4.3 ಪಟ್ಟು. ಕೋರ್ ಮೂರು ಪಟ್ಟಾದರೂ ವೇಗ ಮೂರನೆಯ ಒಂದು ಭಾಗವೂ ಹೆಚ್ಚಲಿಲ್ಲ. ಎಷ್ಟೇ ಕೋರ್ ಸೇರಿಸಿದರೂ 5 ಪಟ್ಟು ದಾಟುವಂತಿಲ್ಲ. ಹಂಚಲಾಗದ ಭಾಗಕ್ಕೆ ಕೆಲವೇ ವೇಗದ ಕೋರ್‌ಗಳು, ಹಂಚಬಹುದಾದ ಭಾಗಕ್ಕೆ ಅಗ್ಗದ ಹಲವು ಕೋರ್‌ಗಳು ಎಂಬ ಹಂಚಿಕೆಗೆ ಇದೇ ಆಧಾರ.

ಈ ಹಂಚಿಕೆಗೂ ಬೆಲೆ ಇತ್ತು. ಯಾವ ಕೆಲಸ ಯಾವ ಕೋರ್‌ಗೆ ಎಂದು ತೀರ್ಮಾನಿಸುವ ಹೊಣೆ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಬಿತ್ತು. ಇನ್ನೊಂದು ವಿಚಿತ್ರ ನಷ್ಟವೂ ಆಯಿತು. 12ನೆಯ ಪೀಳಿಗೆಯ ವೇಗದ ಕೋರ್‌ಗಳಲ್ಲಿ 512 ಬಿಟ್ ಅಗಲದ ಲೆಕ್ಕಗಳನ್ನು ಒಂದೇ ಏಟಿಗೆ ಮಾಡುವ ಮಂಡಲಗಳಿದ್ದವು, ಮಿತವ್ಯಯದ ಕೋರ್‌ಗಳಲ್ಲಿ ಇರಲಿಲ್ಲ. ಓಡುತ್ತಿರುವ ಎಳೆಯನ್ನು ಕಾರ್ಯಾಚರಣ ವ್ಯವಸ್ಥೆಯು ಒಂದು ಕೋರ್‌ನಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಇರುತ್ತದೆ. ಒಂದು ಕೋರ್ ಅರಿಯುವ ಆದೇಶವನ್ನು ಇನ್ನೊಂದು ಅರಿಯದಿದ್ದರೆ ಪ್ರೋಗ್ರಾಂ ನಿಂತೇಹೋಗುತ್ತದೆ. ಹಾಗಾಗಿ ಇಂಟೆಲ್ ಆ ಸೌಲಭ್ಯವನ್ನೇ ಸ್ಥಗಿತಗೊಳಿಸಿತು. ಸಿಲಿಕಾನಿನಲ್ಲಿ ಜಾಗ ತೆತ್ತು ಕಟ್ಟಿದ ಕೋಣೆಗೆ ಬೀಗ ಬಿತ್ತು! ಒಂದೇ ಆದೇಶ ಸಮೂಹವನ್ನು ಅರಿಯುವ ಕೋರ್‌ಗಳನ್ನು ಇಟ್ಟುಕೊಂಡಿದ್ದ ಎಎಂಡಿ ಕಂಪನಿ 2022ರ ಸೆಪ್ಟೆಂಬರಿನಲ್ಲಿ ಇದೇ ಆದೇಶಗಳನ್ನು ತನ್ನ ರೈಜೆನ್ 7000 ಸಾಲಿಗೆ ಸೇರಿಸಿತು.

ಒಂದೇ ತೀರ್ಮಾನ ಎಲ್ಲ ಕಡೆಯೂ ಸರಿಯಾಗುವುದಿಲ್ಲ ಎಂಬುದಕ್ಕೂ ಹೈಪರ್-ಥ್ರೆಡಿಂಗ್ ಉದಾಹರಣೆ. ಸರ್ವರ್‌ಗಳಲ್ಲಿ ಸಾವಿರಾರು ಜನರ ಸಣ್ಣ ಸಣ್ಣ ಕೆಲಸಗಳು ಸದಾ ಸಾಲುಗಟ್ಟಿ ನಿಂತಿರುತ್ತವೆ. ಖಾಲಿ ಕೂತ ಚಿಕ್ಕ ಅಡುಗೆಯವರು ಅಲ್ಲಿ ಸಿಗುವುದಿಲ್ಲ. ಈ ತಂತ್ರವನ್ನು ಬಿಟ್ಟದ್ದರಿಂದ ಪೈಪೋಟಿಯಲ್ಲಿ ಹಿಂದೆ ಬಿದ್ದೆವು, ಮತ್ತೆ ತರುತ್ತೇವೆ ಎಂದು ಇಂಟೆಲ್‌ನ ಮುಖ್ಯಸ್ಥ ಲಿಪ್-ಬು ಟಾನ್ 2025ರ ಜುಲೈಯಲ್ಲಿ ಒಪ್ಪಿಕೊಂಡರು.

ಒಂದು ಬಿಲ್ಲೆಯೋ, ಹಲವು ತುಂಡುಗಳೋ?

ಪೆಟ್ಟಿಗೆಯ ಮೇಲೆ ಕಾಣದ ಮೂರನೆಯ ಬದಲಾವಣೆಯೇ ಎಲ್ಲಕ್ಕಿಂತ ದೊಡ್ಡದು. 14900ಕೆ ಒಂದೇ ಅಖಂಡ ಸಿಲಿಕಾನ್ ಬಿಲ್ಲೆ. 285ಕೆ ಹಾಗಲ್ಲ. ಲೆಕ್ಕ ಮಾಡುವ ಕೋರ್‌ಗಳು ಒಂದು ತುಂಡಿನಲ್ಲಿ, ಚಿತ್ರ ಮೂಡಿಸುವ ಮಂಡಲ ಇನ್ನೊಂದರಲ್ಲಿ, ಮೆಮೊರಿಯ ನಿಯಂತ್ರಕ ಮತ್ತೊಂದರಲ್ಲಿ, ಹೀಗೆ ಬೇರೆ ಬೇರೆ ತುಂಡುಗಳನ್ನು ಒಂದು ತಳಪಾಯದ ಬಿಲ್ಲೆಯ ಮೇಲೆ ಅಂಟಿಸಿ ಕೂಡಿಸಲಾಗಿದೆ. ಕೋರ್‌ಗಳ ತುಂಡು ತೈವಾನಿನ ಟಿಎಸ್ಎಂಸಿ ಕಂಪನಿಯ 3 ನ್ಯಾನೋಮೀಟರ್ ತಂತ್ರದ್ದು, ಮೆಮೊರಿ ನಿಯಂತ್ರಕದ ತುಂಡು ಅದೇ ಕಂಪನಿಯ ಹಳೆಯ 6 ನ್ಯಾನೋಮೀಟರ್ ತಂತ್ರದ್ದು.

ಲಾಭವೇನು? ಸಿಲಿಕಾನ್ ಹಾಳೆಯ ಮೇಲೆ ಅಲ್ಲಲ್ಲಿ ದೋಷಗಳು ಬೀಳುತ್ತವೆ. ಉದಾಹರಣೆಗೆ 10 ಚದರ ಸೆಂಟಿಮೀಟರಿಗೆ ಸರಾಸರಿ ಒಂದು ದೋಷ ಎನ್ನೋಣ. 4 ಚದರ ಸೆಂಟಿಮೀಟರಿನ ಬಿಲ್ಲೆಯಲ್ಲಿ ಸರಾಸರಿ ದೋಷ 0.4. ಸಂಭವನೀಯತೆಯ ಪಾಯ್ಸಾನ್ ಸೂತ್ರದಂತೆ ಅಂತಹ ಬಿಲ್ಲೆಗಳಲ್ಲಿ ಶೇಕಡಾ 67 ದೋಷವಿಲ್ಲದೆ ಬರುತ್ತವೆ. 1 ಚದರ ಸೆಂಟಿಮೀಟರಿನ ತುಂಡುಗಳಲ್ಲಾದರೆ ಶೇಕಡಾ 90. ಕೆಟ್ಟ ತುಂಡನ್ನು ಮಾತ್ರ ಎಸೆದು ಒಳ್ಳೆಯವನ್ನು ಜೋಡಿಸಿಕೊಳ್ಳಬಹುದು. ಜೊತೆಗೆ, ಎಲ್ಲಕ್ಕಿಂತ ದುಬಾರಿಯಾದ ತಂತ್ರವನ್ನು ಅದು ನಿಜವಾಗಿ ಬೇಕಾದ ಕೋರ್‌ಗಳಿಗೆ ಮಾತ್ರ ಬಳಸಿ, ಉಳಿದವನ್ನು ಅಗ್ಗದ ತಂತ್ರದಲ್ಲಿ ಮಾಡಬಹುದು. ಎಎಂಡಿ ಡೆಸ್ಕ್‌ಟಾಪಿನಲ್ಲಿ ಈ ದಾರಿಯನ್ನು 2019ರ ಜುಲೈಯಲ್ಲೇ ಹಿಡಿದಿತ್ತು.

ಬೆಲೆ ಇರುವುದು ಕಾಲದಲ್ಲಿ. 5 ಗಿಗಾಹರ್ಟ್ಸ್‌ನಲ್ಲಿ ಒಂದು ಮಿಡಿತ 0.2 ನ್ಯಾನೋಸೆಕೆಂಡ್. ಅಷ್ಟರಲ್ಲಿ ನಿರ್ವಾತದಲ್ಲಿ ಬೆಳಕೇ ಸಾಗುವುದು 6 ಸೆಂಟಿಮೀಟರ್. ಬಿಲ್ಲೆಯೊಳಗಿನ ಸಣ್ಣ ತಂತಿಗಳಲ್ಲಿ ಸಂಕೇತ ಅದಕ್ಕಿಂತ ಎಷ್ಟೋ ನಿಧಾನ. ಮುಖ್ಯ ಮೆಮೊರಿಯಿಂದ ದತ್ತಾಂಶ ಬರಲು 80 ನ್ಯಾನೋಸೆಕೆಂಡ್ ಬೇಕಾದರೆ, ಕೋರ್ ಕಾಯುವುದು 400 ಮಿಡಿತ. ಕೋರ್‌ಗಳು ಒಂದು ತುಂಡಿನಲ್ಲಿ, ಮೆಮೊರಿ ನಿಯಂತ್ರಕ ಇನ್ನೊಂದರಲ್ಲಿ ಇದ್ದಾಗ ಪ್ರತಿ ಬೇಡಿಕೆಯೂ ಗಡಿ ದಾಟಿ ಹೋಗಿ ಬರಬೇಕು. ಇದರಿಂದ ಹೆಚ್ಚಾಗುವ ಪ್ರತಿ 10 ನ್ಯಾನೋಸೆಕೆಂಡಿಗೂ ಕೋರ್ ಇನ್ನೂ 50 ಮಿಡಿತ ಸುಮ್ಮನೆ ಕೂರಬೇಕು.

ಅಡುಗೆಮನೆಗೇ ಅಂಟಿಕೊಂಡಿದ್ದ ಉಗ್ರಾಣವನ್ನು ರಸ್ತೆಯ ಆಚೆಗೆ ಕಟ್ಟಿದ ಹಾಗೆ ಇದು. ಮೊದಲೇ ಪಟ್ಟಿ ಮಾಡಿ ಸಾಮಾನು ತರಿಸಿಕೊಳ್ಳಬಹುದಾದ ಅಡುಗೆಗೆ ತೊಂದರೆ ಇಲ್ಲ. ಕ್ಷಣಕ್ಕೊಂದು ಹೊಸ ಸಾಮಾನು ಕೇಳುವ ಅಡುಗೆಗೆ ಕಷ್ಟ. ಕಂಪ್ಯೂಟರ್ ಆಟಗಳು ಈ ಎರಡನೆಯ ಬಗೆಯವು. ಮುಂದೆ ಯಾವ ದತ್ತಾಂಶ ಬೇಕಾಗುತ್ತದೆ ಎಂಬುದು ಆಡುವವನ ಬೆರಳಿನ ಮೇಲೆ ನಿಂತಿರುತ್ತದೆ. ಚಿತ್ರ ರಚನೆಯಲ್ಲಿ ಮುಂದಿದ್ದ 285ಕೆಯು ಹಲವು ಆಟಗಳಲ್ಲಿ ತನ್ನ ಹಿಂದಿನ ಪೀಳಿಗೆಗಿಂತ ಹಿಂದೆ ಬಿದ್ದುದಕ್ಕೆ ಇದೊಂದು ಮುಖ್ಯ ಕಾರಣ. 2025ರ ಏಪ್ರಿಲ್‌ನಲ್ಲಿ ಇಂಟೆಲ್ ತುಂಡುಗಳ ನಡುವಿನ ಸಂಪರ್ಕವನ್ನೂ ಮೆಮೊರಿಯನ್ನೂ ಹೆಚ್ಚಿನ ವೇಗದಲ್ಲಿ ಓಡಿಸುವ ಒಂದು ಹೊಸ ವ್ಯವಸ್ಥೆಯನ್ನು ಒದಗಿಸಿತು. ಪೆಟ್ಟು ಬಿದ್ದದ್ದು ಎಲ್ಲಿ ಎಂಬುದನ್ನು ಈ ಔಷಧವೇ ಹೇಳುತ್ತದೆ.

ಇನ್ನೊಂದು ದಾರಿ: ಮೇಲಂತಸ್ತಿನ ಉಗ್ರಾಣ

ಕಾಯುವಿಕೆಗೆ ಎಎಂಡಿ ಕಂಡುಕೊಂಡ ಪರಿಹಾರ ಬೇರೆ. ಕೋರ್‌ಗಳ ಪಕ್ಕದಲ್ಲೇ ಇರುವ, ಕ್ಯಾಷ್ ಎಂಬ ಚಿಕ್ಕ ವೇಗದ ಮೆಮೊರಿಯನ್ನು ದೊಡ್ಡದು ಮಾಡುವುದು. ಪಕ್ಕದಲ್ಲಿ ಜಾಗವಿಲ್ಲ, ಆದ್ದರಿಂದ ಮೇಲೆ ಕಟ್ಟಿದರು. 2022ರ ಏಪ್ರಿಲ್‌ನಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಸಂಸ್ಕಾರಕದಲ್ಲಿ ಹೀಗೆ ಒಂದರ ಮೇಲೊಂದು ಬಿಲ್ಲೆ ಇಟ್ಟು ಮೂರನೆಯ ಹಂತದ ಕ್ಯಾಷನ್ನು 32ರಿಂದ 96 ಮೆಗಾಬೈಟಿಗೆ ಏರಿಸಲಾಯಿತು. ಆಟಗಳಲ್ಲಿ ಅದರ ಲಾಭ ಎದ್ದು ಕಂಡಿತು.

ಬೆಲೆ? ಮೇಲೆ ಇನ್ನೊಂದು ಬಿಲ್ಲೆ ಹೊದೆದ ಕೋರ್‌ಗಳ ಶಾಖ ಹೊರಹೋಗುವುದು ಕಷ್ಟ. ಆದ್ದರಿಂದ ಗರಿಷ್ಠ ವೇಗವನ್ನು, ಮೇಲಂತಸ್ತು ಇಲ್ಲದ 5800ಎಕ್ಸ್‌ನ 4.7 ಗಿಗಾಹರ್ಟ್ಸ್‌ನಿಂದ 4.5ಕ್ಕೆ ಇಳಿಸಬೇಕಾಯಿತು. ಹೆಚ್ಚಿನ ಕ್ಯಾಷ್ ಬೇಡದ ಕೆಲಸಗಳಲ್ಲಿ ಈ ಸಂಸ್ಕಾರಕ ತನ್ನ ಅಗ್ಗದ ಅಣ್ಣನಿಗಿಂತ ತುಸು ಹಿಂದೆಯೇ. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಮಹಡಿಯನ್ನು ತಲೆಕೆಳಗು ಮಾಡಿ, ಕ್ಯಾಷನ್ನು ಕೆಳಗೆ, ಕೋರ್‌ಗಳನ್ನು ತಂಪುಕಾರಕಕ್ಕೆ ಹತ್ತಿರವಾಗಿ ಮೇಲೆ ಇಟ್ಟರು. ಶಾಖದ ಬಾಧೆ ಬಹಳ ಕಡಿಮೆಯಾಯಿತು. ಆದರೂ ಗರಿಷ್ಠ ವೇಗ 5.2 ಗಿಗಾಹರ್ಟ್ಸ್, ಇದೇ ಪೀಳಿಗೆಯ ಸಾಮಾನ್ಯ 9700ಎಕ್ಸ್‌ನದು 5.5. ಬೆಲೆ ಇಳಿಯಿತೇ ಹೊರತು ಇಲ್ಲವಾಗಲಿಲ್ಲ.

ತರಗತಿಯಲ್ಲಿ ಏನು ಮಾಡಬಹುದು?

ಶಿಕ್ಷಕರು ಇದನ್ನು ಶಾಲೆಯ ಕಂಪ್ಯೂಟರಿನಲ್ಲೇ ತೋರಿಸಬಹುದು. ವಿಂಡೋಸ್ ಇರುವ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಕಾರ್ಯನಿರ್ವಹಣೆಯ ಪುಟದಲ್ಲಿ ಸಿಪಿಯು ವಿಭಾಗವನ್ನು ನೋಡಿ. ಅಲ್ಲಿ ಕೋರ್‌ಗಳ ಸಂಖ್ಯೆಯೂ ತಾರ್ಕಿಕ ಸಂಸ್ಕಾರಕಗಳ ಸಂಖ್ಯೆಯೂ ಇರುತ್ತವೆ. ಎರಡನೆಯದು ಮೊದಲನೆಯದರ ಎರಡರಷ್ಟಿದ್ದರೆ ಪ್ರತಿ ಅಡುಗೆಯವನ ಕೈಯಲ್ಲೂ ಎರಡು ಚೀಟಿಗಳಿವೆ ಎಂದರ್ಥ. ಸಮವಾಗಿದ್ದರೆ ಒಂದೇ ಚೀಟಿ. ಕ್ಯಾಷ್‌ನ ಗಾತ್ರವೂ ಅಲ್ಲೇ ಕಾಣುತ್ತದೆ. ಯಂತ್ರ ಸುಮ್ಮನಿರುವಾಗಲೂ ಭಾರೀ ಕೆಲಸ ಕೊಟ್ಟಾಗಲೂ ವೇಗದ ಅಂಕಿ ಹೇಗೆ ಏರಿಳಿಯುತ್ತದೆ ಎಂಬುದನ್ನು ಮಕ್ಕಳು ಬರೆದುಕೊಳ್ಳಲಿ. ಹೊಸ ಸಂಸ್ಕಾರಕಗಳಲ್ಲಿ ಪೆಟ್ಟಿಗೆಯ ಮೇಲಿನ ಗರಿಷ್ಠ ಗಿಗಾಹರ್ಟ್ಸ್ ಒಂದೆರಡು ಕೋರ್‌ಗಳಿಗೆ, ಸ್ವಲ್ಪ ಹೊತ್ತಿಗೆ ಮಾತ್ರ ಸಿಗುವಂಥದ್ದು ಎಂಬುದು ಆಗ ಅವರಿಗೇ ಗೊತ್ತಾಗುತ್ತದೆ.

ಆಮ್ಡಾಲ್‌ನ ಲೆಕ್ಕವನ್ನು ಶೇಕಡಾ 50, 80, 95ಕ್ಕೆ ಮಾಡಿಸಿ ನಕ್ಷೆ ಎಳೆಸಿ. ಸಾಮರ್ಥ್ಯದ ಸೂತ್ರದಲ್ಲಿ ವೇಗವನ್ನು ಶೇಕಡಾ 20 ಏರಿಸಿದರೆ ಏನಾಗುತ್ತದೆ ಎಂದು ಕೇಳಿ. ಉತ್ತರ 1.2ರ ಘನ, ಅಂದರೆ 1.73 ಪಟ್ಟು.

ಶಾಲೆಗೆ ಕಂಪ್ಯೂಟರ್ ಆರಿಸುವ ಹೊಣೆ ನಿಮ್ಮ ಮೇಲೆ ಬಂದರೆ ಪ್ರಶ್ನೆಗಳನ್ನು ಬದಲಿಸಿ. ಎಷ್ಟು ಗಿಗಾಹರ್ಟ್ಸ್ ಎನ್ನುವ ಬದಲು, ನಮ್ಮ ಕೆಲಸದಲ್ಲಿ ಕಾಯುವಿಕೆ ಎಲ್ಲಿದೆ ಎಂದು ಕೇಳಿ. ಪಾಠದ ಬರವಣಿಗೆ, ಅಂತರಜಾಲ, ಪ್ರೋಗ್ರಾಮಿಂಗ್ ಅಭ್ಯಾಸಗಳಿಗೆ ಸಾಧಾರಣ ಸಂಸ್ಕಾರಕ ಧಾರಾಳ ಸಾಕು. ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್ಎಸ್‌ಡಿ ಮತ್ತು ಸಾಕಷ್ಟು ಮೆಮೊರಿ ಇದ್ದರೆ ಆಗುವ ಲಾಭ ಇಂತಹ ಕೆಲಸಗಳಲ್ಲಿ ಒಂದು ಗಿಗಾಹರ್ಟ್ಸ್‌ಗಿಂತ ಹೆಚ್ಚು. ಯಂತ್ರ ಎಷ್ಟು ವಾಟ್ ಬಳಸುತ್ತದೆ, ಹಳೆಯ ಮದರ್‌ಬೋರ್ಡಿಗೆ ಹೊಸ ಸಂಸ್ಕಾರಕ ಕೂರುತ್ತದೆಯೇ ಎಂಬುದನ್ನೂ ವಿಚಾರಿಸಿ. 285ಕೆಯು 14900ಕೆಯ ಬೋರ್ಡಿನಲ್ಲಿ ಕೂರುವುದಿಲ್ಲ. ಅದೂ ಒಂದು ಬೆಲೆಯೇ.

ಇಂತಹ ತೀರ್ಮಾನಗಳು ದೂರದ ಯಾವುದೋ ನಾಡಿನಲ್ಲಿ ಮಾತ್ರ ಆಗುವಂಥವಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. 2008ರ ಸೆಪ್ಟೆಂಬರಿನಲ್ಲಿ ಬಂದ ಇಂಟೆಲ್‌ನ ಆರು ಕೋರ್‌ಗಳ ಸರ್ವರ್ ಸಂಸ್ಕಾರಕ ಡನ್ನಿಂಗ್ಟನ್ ರೂಪುಗೊಂಡದ್ದು ಬೆಂಗಳೂರಿನಲ್ಲಿ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಬೆಂಗಳೂರಿನಲ್ಲಿಯೇ. ಇಂದು ವಿಭವಾಂತರದ ವರ್ಗವನ್ನು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡುತ್ತಿರುವ ವಿದ್ಯಾರ್ಥಿ ನಾಳೆ ಅಂತಹ ಕಡೆ ಕುಳಿತು, ಜಾಗ, ವಾಟ್, ಕಾಲ ಈ ಮೂರರಲ್ಲಿ ಯಾವುದನ್ನು ಕೊಟ್ಟು ಯಾವುದನ್ನು ಕೊಳ್ಳಬೇಕು ಎಂದು ತೀರ್ಮಾನಿಸುವವನಾಗಬಹುದು, ತೀರ್ಮಾನಿಸುವವಳಾಗಬಹುದು. ಮುಂದಿನ ಪೀಳಿಗೆಯ ಸಂಸ್ಕಾರಕದ ಜಾಹೀರಾತು ಕಂಡಾಗ ನೀವೂ ಇದನ್ನೇ ಕೇಳಿ: ಇದನ್ನು ಕೊಳ್ಳಲು ಏನನ್ನು ಕೊಟ್ಟಿದ್ದಾರೆ?